ಕೇದಾರಕಂಠದ ಹಿಮದಲ್ಲಿ ಹಿಮ್ಮಡಿ ಊರಿ

ಉಡುಪಿಯ ಕಡೆ ಹಳೆಯ ಮನೆಗಳಲ್ಲಿ ಬೆಳೆದವರಿಗೆ ಜಾರುವ ನೆಲ ಹೊಸತಲ್ಲ. ಆಟಿ ತಿಂಗಳ ಮಳೆಗೆ ಅಂಗಳವೆಲ್ಲ ಪಾಚಿಗಟ್ಟಿದಾಗ ಜಗಲಿಯಿಂದ ಬಾವಿಕಟ್ಟೆಯವರೆಗೆ ಅಡಿಕೆ ಮರದ ದಬ್ಬೆ ಹಾಸುತ್ತಾರೆ. ಅದರ ಮೇಲೂ ಕಾಲ್ಬೆರಳುಗಳನ್ನು ಒತ್ತಿ ಹಿಡಿದು ನಡೆಯುವುದನ್ನು ಮಕ್ಕಳು ಯಾರೂ ಹೇಳಿಕೊಡದೆಯೇ ಕಲಿಯುತ್ತಾರೆ. ಹಾಗಾಗಿ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಕ್ಕನ ಮಗಳು, ಜನವರಿಯಲ್ಲಿ ಉತ್ತರಾಖಂಡದ ಕೇದಾರಕಂಠ ಹತ್ತೋಣವೆಂದು ಹೇಳಿ, ಚಳಿಗಿಂತಲೂ ಹಿಮದ ಮೇಲೆ ಜಾರದೆ ನಡೆಯುವುದೇ ಕಷ್ಟವಂತೆ ಎಂದು ಎಚ್ಚರಿಸಿದಾಗ ಅವಳ ಅಪ್ಪ, ಅಂದರೆ ನನ್ನ ಭಾವ, "ಜಾರುವ ವಿಷಯದಲ್ಲಿ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ ಮಾರಾಯ್ತಿ" ಎಂದು ನಕ್ಕಿದ್ದರು. ಆ ಮಾತನ್ನು ಅವಳು ಐದು ದಿನಗಳಲ್ಲಿ ಎಷ್ಟು ಸಲ ನೆನಪಿಸಿದಳೆಂಬುದನ್ನು ನಾನು ಲೆಕ್ಕವಿಟ್ಟಿಲ್ಲ.

ನನಗೆ ಐವತ್ತೊಂದು, ಭಾವನಿಗೆ ಐವತ್ತಾರು. ಎರಡು ತಿಂಗಳು ಮುಂಚಿತವಾಗಿಯೇ ವೈದ್ಯರನ್ನು ಕಂಡು, ಹೃದಯದ ತಪಾಸಣೆ ಮಾಡಿಸಿಕೊಂಡು, ಭಾನುವಾರಗಳಂದು ಬೆಳ್ತಂಗಡಿಯ ಬಳಿಯ ಗಡಾಯಿಕಲ್ಲಿನ ಸಾವಿರದ ಎಂಟುನೂರಕ್ಕೂ ಹೆಚ್ಚಿನ ಮೆಟ್ಟಿಲುಗಳನ್ನು ಹತ್ತಿಳಿದೆವು. ಉಸಿರಿಗೆ ಅದು ಒಳ್ಳೆಯ ತಯಾರಿಯೇ ಆಯಿತು. ಕಾಲಿನ ವಿಷಯ ಮುಂದೆ ಹೇಳುತ್ತೇನೆ. ಮಂಗಳೂರಿನಿಂದ ದಿಲ್ಲಿಗೆ ವಿಮಾನದಲ್ಲಿ, ಅಲ್ಲಿಂದ ರಾತ್ರಿಯ ರೈಲಿನಲ್ಲಿ ಡೆಹ್ರಾಡೂನಿಗೆ ಹೋದ ವಿವರದಲ್ಲಿ ವಿಶೇಷವೇನೂ ಇಲ್ಲ.

ಮೊದಲ ದಿನ: ಡೆಹ್ರಾಡೂನಿನಿಂದ ಸಾಂಕ್ರಿ

ಬೆಳಗ್ಗೆ ಆರೂವರೆಗೆ ರೈಲು ನಿಲ್ದಾಣದ ಹೊರಗಿನಿಂದ ಹೊರಟ ಟೆಂಪೋ ಟ್ರಾವೆಲರ್ ಸಾಂಕ್ರಿ ತಲಪಿದ್ದು ಸಂಜೆ ಐದಕ್ಕೆ. ದೂರ ಇನ್ನೂರು ಕಿಲೋಮೀಟರಿನಷ್ಟೇ ಆದರೂ ರಸ್ತೆ ಒಂದು ಫರ್ಲಾಂಗು ನೇರವಾಗಿ ಹೋಗುವುದಿಲ್ಲ. ಮಸ್ಸೂರಿ ದಾಟಿ ಕೆಂಪ್ಟಿಯ ಕಡೆಗೆ ಇಳಿದು, ಯಮುನೆಯ ಸೇತುವೆಯ ಬಳಿ ನದಿಯ ಜತೆ ಸೇರಿಕೊಂಡು, ನೈನ್‌ಬಾಗ್, ನೌಗಾಂವ್ ಮಾರ್ಗವಾಗಿ ಪುರೋಲಾ ಮುಟ್ಟುವಷ್ಟರಲ್ಲಿ ಶಿರಾಡಿ ಘಾಟಿಯ ತಿರುವುಗಳ ಬಗ್ಗೆ ಇನ್ನು ದೂರುವುದಿಲ್ಲವೆಂದು ನಿಶ್ಚಯಿಸಿದ್ದೆ.

ಊಟಕ್ಕೆ ನಿಂತದ್ದು ಪುರೋಲಾದಲ್ಲಿ. ರಾಜ್ಮಾದೊಂದಿಗೆ ಬಡಿಸಿದ ಅನ್ನ ಕೆಂಪಗಿತ್ತು. ಭಾವ ಒಂದು ಅಗುಳನ್ನು ಬೆರಳಲ್ಲಿ ಹಿಸುಕಿ ನೋಡಿ, "ಇದು ನಮ್ಮ ಕಜೆ ಅಕ್ಕಿಯ ನೆಂಟ" ಎಂದರು. ಕುಚ್ಚಲಕ್ಕಿಯಲ್ಲ, ಕುಚ್ಚದ ಬೆಳ್ತಿಗೆಯೇ, ಆದರೆ ಕೆಂಪು ತವುಡಿನ ಆ ಪರಿಮಳ ಮಾತ್ರ ನಮಗೆ ಪರಿಚಿತವಾದದ್ದು. ಪುರೋಲಾದ ಸುತ್ತಲಿನ ಬಯಲು ಕೆಂಪಕ್ಕಿಗೆ ಹೆಸರಾದದ್ದೆಂದು ಹೋಟೆಲಿನವರು ಹೆಮ್ಮೆಯಿಂದ ಹೇಳಿದರು. ಮುಂದೆ ನಂಬುವಂಥ ಎಟಿಎಂ ಇಲ್ಲವೆಂದೂ ಬೇಕಾದ ನಗದನ್ನು ಅಲ್ಲಿಯೇ ತೆಗೆದುಕೊಳ್ಳುವುದು ಒಳಿತೆಂದೂ ಸೂಚಿಸಿದವರು ಅವರೇ. ಆ ಮಾತು ಕೇಳಿದ್ದರಿಂದ ನಮಗೆ ಮುಂದೆ ಅನುಕೂಲವೇ ಆಯಿತು.

ಮೋರಿ ದಾಟಿದ ಮೇಲೆ ಟೋನ್ಸ್ ನದಿ ಜತೆಯಾಗುತ್ತದೆ. ರೂಪಿನ್ ಮತ್ತು ಸುಪಿನ್ ಎಂಬೆರಡು ಹೊಳೆಗಳು ನೈಟ್ವಾರ್‌ನಲ್ಲಿ ಕೂಡಿ ಈ ನದಿಯಾಗುತ್ತವೆ. ಗೋವಿಂದ ವನ್ಯಧಾಮದ ತಪಾಸಣಾ ಗೇಟು ಇರುವುದೂ ಅಲ್ಲಿಯೇ. ಚಾಲಕ ಪ್ರವೇಶಶುಲ್ಕದ ಚೀಟಿ ಮಾಡಿಸಲು ಇಳಿದಾಗ, ಅಲ್ಲಿನ ಪೋಖು ದೇವತೆಯ ಗುಡಿಯ ಬಗ್ಗೆ ಚಹಾದಂಗಡಿಯಾತ ಹೇಳಿದ. ಪೋಖು ನ್ಯಾಯದ ದೇವರು. ಕೋರ್ಟಿಗೆ ಹೋಗಲಾಗದವರು ಅವನ ಮುಂದೆ ದೂರು ಇಡುತ್ತಾರೆ. ಅರ್ಚಕರು ಸಹ ಅವನ ಮೂರ್ತಿಯನ್ನು ನೇರವಾಗಿ ನೋಡದೆ, ಬೆನ್ನು ಹಾಕಿಯೇ ಪೂಜೆ ಮಾಡುತ್ತಾರೆ. ಇಷ್ಟು ಕೇಳಿದ ಭಾವ, ಗುಡಿಯ ದಿಕ್ಕಿಗೆ ತಿರುಗಿ ಚಪ್ಪಲಿ ಕಳಚಿ ಕೈಮುಗಿದರು. ದೈವದ ಎದುರಿನಲ್ಲಿ ಹೇಳಿಕೆ ಕೇಳಿ ಬೆಳೆದ ನಮಗೆ ಇಂಥ ದೇವರ ಪರಿಚಯಕ್ಕೆ ದುಭಾಷಿ ಬೇಕಾಗಲಿಲ್ಲ.

ಸಾಂಕ್ರಿ ಸಮುದ್ರಮಟ್ಟದಿಂದ ಸುಮಾರು 6,400 ಅಡಿ ಎತ್ತರದಲ್ಲಿದೆ. ಅಂದರೆ ಕುದುರೆಮುಖದ ನೆತ್ತಿಗಿಂತ ಮೇಲಿರುವ ಹಳ್ಳಿಯಲ್ಲಿ ನಿಂತು ನಾವಿನ್ನೂ ಬೆಟ್ಟ ಹತ್ತಲು ತೊಡಗಿರಲಿಲ್ಲ. ಕಲ್ಲು ಮತ್ತು ದೇವದಾರು ಮರದ ಮನೆಗಳು. ನಾವು ಉಳಿದ ಮನೆಯ ನಡುಕೋಣೆಯಲ್ಲಿ ಬುಖಾರಿ ಎಂಬ ಕಬ್ಬಿಣದ ಒಲೆ ಉರಿಯುತ್ತಿತ್ತು. ಬ್ಯಾಗಿನಲ್ಲಿದ್ದ ತೆಂಗಿನೆಣ್ಣೆಯ ಬಾಟಲಿ ಆಗಲೇ ಮೇಣದಬತ್ತಿಯಂತೆ ಗಟ್ಟಿಯಾಗಿತ್ತು. ಮನೆಯೊಡತಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ ತುಪ್ಪವೇ ಎಂದು ಕೇಳಿದರು.

ರಾತ್ರಿ ಊಟದ ಹೊತ್ತಿಗೆ ಅವರ ಯಜಮಾನರು ಮಾತಿಗೆ ಸಿಕ್ಕರು. ಅವರದು ಸೇಬಿನ ತೋಟ; ಭಾವನದು ಅಡಿಕೆ ತೋಟ. ಒಬ್ಬರ ಹಿಂದಿ ಇನ್ನೊಬ್ಬರಿಗೆ ಅರ್ಧದಷ್ಟೇ ತಿಳಿಯುತ್ತಿದ್ದರೂ ಇಬ್ಬರೂ ಹತ್ತು ಗಂಟೆಯವರೆಗೆ ಹವಾಮಾನವನ್ನು ಬೈದರು. ಸೇಬಿನ ಮರಕ್ಕೆ ಚಳಿಗಾಲದಲ್ಲಿ ಸಾಕಷ್ಟು ದಿನ ಶೀತ ಸಿಗದಿದ್ದರೆ ವಸಂತದಲ್ಲಿ ಹೂ ಸರಿಯಾಗಿ ಬರುವುದಿಲ್ಲವಂತೆ. ಡಿಸೆಂಬರಿನಲ್ಲಿ ಬೀಳಬೇಕಾದ ಹಿಮ ಜನವರಿಗೆ ಬಿದ್ದರೆ ಅವರಿಗೆ ಚಿಂತೆ. ಸೆಪ್ಟೆಂಬರಿಗೆ ನಿಲ್ಲಬೇಕಾದ ಮಳೆ ಅಕ್ಟೋಬರಿಗೂ ಹಿಡಿದರೆ ಕೊಳೆರೋಗದ ಚಿಂತೆ ನಮಗೆ. "ಈ ಸಲ ಹಿಮ ಚೆನ್ನಾಗಿ ಬಿದ್ದಿದೆ, ನಿಮ್ಮ ಅದೃಷ್ಟ" ಎಂದರು ಅವರು. ಅದೃಷ್ಟ ಯಾರದೆಂಬುದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು.

ಎರಡನೆಯ ದಿನ: ಜೂಡಾ ಕಾ ತಾಲಾಬ್

ಗೈಡ್ ಸಾಂಕ್ರಿಯ ಪಕ್ಕದ ಹಳ್ಳಿಯ ಹುಡುಗ, ಇಪ್ಪತ್ತೈದರ ಒಳಗಿನವನು. ನಾನು ಭಾವನನ್ನು ಭಾವ ಎಂದೂ ಅವರು ನನ್ನನ್ನು ಭಾವ ಎಂದೂ ಕರೆಯುವುದನ್ನು ಕೇಳಿ ನಮ್ಮಿಬ್ಬರ ಹೆಸರೂ ಅದೇ ಎಂದು ತಿಳಿದುಕೊಂಡ ಅವನು, ಕೊನೆಯವರೆಗೂ ಇಬ್ಬರನ್ನೂ "ಬಾವಾಜೀ" ಎಂದೇ ಕೂಗಿದ. ಕೂಗಿದಾಗಲೆಲ್ಲ ಇಬ್ಬರೂ ತಿರುಗುತ್ತಿದ್ದೆವು.

ಹಳ್ಳಿಯ ಹಿಂದಿನ ಏರುದಾರಿಯಲ್ಲಿ ಒಂದು ಗಂಟೆ ನಡೆದ ಮೇಲೆ ಪೈನ್ ಮರಗಳ ಬುಡದಲ್ಲಿ ಅಲ್ಲಲ್ಲಿ ಹಿಮ ಕಾಣಿಸಿಕೊಂಡಿತು. ಇನ್ನೊಂದು ಗಂಟೆಯಲ್ಲಿ ಕಾಣಲು ಹಿಮವಲ್ಲದೆ ಬೇರೇನೂ ಇರಲಿಲ್ಲ. ಮೊದಲ ಬಾರಿಗೆ ಅದರ ಮೇಲೆ ಕಾಲಿಟ್ಟಾಗ ಒಣ ಅವಲಕ್ಕಿಯ ಮೇಲೆ ನಡೆದಂಥ ಸದ್ದು. ಬೆರಳೆಣಿಕೆಯ ಹೆಜ್ಜೆಗಳಲ್ಲಿಯೇ ತಿಳಿದದ್ದೇನೆಂದರೆ, ಹೊಸದಾಗಿ ಬಿದ್ದ ಮೆತ್ತನೆಯ ಹಿಮ ಜಾರುವುದೇ ಇಲ್ಲ, ಅದು ಹೂಳುತ್ತದೆ ಅಷ್ಟೆ. ಅಪಾಯವಿರುವುದು ಎಲ್ಲರೂ ನಡೆದು ತುಳಿದ ದಾರಿಯಲ್ಲಿ. ಹಗಲಿನ ಬಿಸಿಲಿಗೆ ಮೇಲ್ಪದರ ಕರಗಿ, ರಾತ್ರಿ ಮತ್ತೆ ಹೆಪ್ಪುಗಟ್ಟಿ, ಬೆಳಗಾಗುವಷ್ಟರಲ್ಲಿ ಆ ದಾರಿ ಗಾಜಿನಂತಾಗಿರುತ್ತದೆ. ಅಂಥಲ್ಲಿ ಬೂಟಿನ ಅಡಿಗೆ ಮೈಕ್ರೋಸ್ಪೈಕ್ ಎಂಬ ಹಲ್ಲಿನ ಸರಪಳಿಯನ್ನು ರಬ್ಬರ್ ಪಟ್ಟಿಯಿಂದ ಸಿಕ್ಕಿಸಿಕೊಳ್ಳಬೇಕು. ನಾವು ಅದನ್ನೂ, ಹಿಮ ಬೂಟಿನೊಳಗೆ ನುಗ್ಗದಂತೆ ಮೊಣಕಾಲಿನ ಕೆಳಗೆ ಕಟ್ಟುವ ಗೇಟರನ್ನೂ ಬಾಡಿಗೆಗೆ ತೆಗೆದುಕೊಂಡಿದ್ದೆವು. ನನ್ನ ಎಡಗಾಲಿನ ಗೇಟರಿನ ಜಿಪ್ಪು ಮೊದಲ ಮೈಲಿಯಲ್ಲಿಯೇ ಬಾಯಿ ಬಿಟ್ಟಿತು. ಬಾಡಿಗೆಯ ಸಾಮಾನನ್ನು ಅಂಗಡಿಯಲ್ಲಿಯೇ ತೊಟ್ಟು, ನಾಲ್ಕು ಸಲ ಕೂತೆದ್ದು ನೋಡದೆ ಹಣ ಕೊಟ್ಟದ್ದು ನನ್ನದೇ ತಪ್ಪು. ಸೊಸೆ, ಅಂದರೆ ಅಕ್ಕನ ಮಗಳು, ತನ್ನ ಕೂದಲಿನ ರಬ್ಬರ್ ಬ್ಯಾಂಡುಗಳಿಂದ ಅದನ್ನು ಬಿಗಿದು ಕೊಟ್ಟಳು, ಕಡೆಯವರೆಗೂ ಅದು ಹಾಗೆಯೇ ನಿಂತಿತು.

ಹತ್ತುವಾಗ ಮೈ ಬೆವರುತ್ತದೆಂಬುದನ್ನು ನಾವು ನಿರೀಕ್ಷಿಸಿರಲಿಲ್ಲ. ಎರಡು ಸ್ವೆಟರು, ಮೇಲೊಂದು ಜಾಕೆಟು ತೊಟ್ಟು ಗತ್ತಿನಲ್ಲಿ ಹೊರಟ ಭಾವ ಅರ್ಧ ಗಂಟೆಯಲ್ಲಿ ಮಂಗಳೂರಿನ ಮೇ ತಿಂಗಳಿನಂತೆ ತೊಯ್ದುಹೋದರು. ಗೈಡ್ ಅವರನ್ನು ತಡೆದು ನಿಲ್ಲಿಸಿ ಒಂದೊಂದಾಗಿ ಬಿಚ್ಚಿಸಿದ. ನಡೆಯುವಾಗ ಸ್ವಲ್ಪ ಚಳಿಯಾಗುವಷ್ಟೇ ತೊಡಬೇಕು, ನಿಂತ ಕೂಡಲೇ ಜಾಕೆಟು ಹೊದೆಯಬೇಕು. ಬೆವರಿಗೆ ಒದ್ದೆಯಾದ ಒಳಅಂಗಿ ಸಂಜೆಯ ಹೊತ್ತಿಗೆ ಹಿಮಕ್ಕಿಂತ ಹೆಚ್ಚು ಕಾಡುತ್ತದೆ ಎಂಬುದು ಅವನ ಮಾತಿನ ಸಾರ.

ದಾರಿಯ ಮಧ್ಯೆ ಟಾರ್ಪಾಲಿನ ಚಹಾದಂಗಡಿ. ಮ್ಯಾಗಿ ಬೇಯಿಸುತ್ತಿದ್ದ ಮುದುಕರು ನಾವು ಸಮುದ್ರದ ಬದಿಯವರೆಂದು ತಿಳಿದು ಕೈಕೆಲಸ ಬಿಟ್ಟು ಎದುರಿಗೆ ಕೂತರು. ಅವರು ಸಮುದ್ರ ನೋಡಿರಲಿಲ್ಲ. "ಚಳಿಗಾಲದಲ್ಲಿ ಅದು ಎಷ್ಟು ದಪ್ಪಕ್ಕೆ ಹೆಪ್ಪುಗಟ್ಟುತ್ತದೆ?" ಎಂದು ಕೇಳಿದರು. ನಮ್ಮಲ್ಲಿ ಜನವರಿಯ ರಾತ್ರಿಯೂ ಇಪ್ಪತ್ತು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಮಲ್ಪೆಯ ದೋಣಿಗಳು ಆಗಲೂ ಕಡಲಿಗೆ ಹೋಗುತ್ತವೆ ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ನಿಮಗೆ ರಜೆಯೇ ಇಲ್ಲ" ಎಂದು ಮರುಕಪಟ್ಟರು. ಹಿಮ ಬಿದ್ದ ಮೇಲೆ ಹೊಲದ ಕೆಲಸ ನಿಂತು, ಒಲೆಯ ಮುಂದೆ ಕೂರುವ ತಿಂಗಳುಗಳು ಅವರ ಲೆಕ್ಕದಲ್ಲಿ ರಜೆ. ಮೀನುಗಾರಿಕೆ ನಿಲ್ಲುವ ಮಳೆಗಾಲದ ಎರಡು ತಿಂಗಳ ಬಗ್ಗೆ ಹೇಳಿದಾಗ ಅವರಿಗೆ ಸಮಾಧಾನವಾಯಿತು.

ಸುಮಾರು 9,100 ಅಡಿ ಎತ್ತರದ ಜೂಡಾ ಕಾ ತಾಲಾಬ್ ಹೆಪ್ಪುಗಟ್ಟಿ, ಅದರ ಮೇಲೂ ಹಿಮ ಹೊದ್ದು, ಕೆರೆ ಎಲ್ಲಿ ಮುಗಿದು ಬಯಲು ಎಲ್ಲಿ ತೊಡಗುತ್ತದೆಂದು ಹೇಳಲು ಬರುವಂತಿರಲಿಲ್ಲ. ಶಿವನ ಜಟೆಯಿಂದ ಬಿದ್ದ ನೀರಿನಿಂದಾದ ಕೆರೆಯೆಂದು ಸ್ಥಳಪುರಾಣ. ಮೇಲೆ ನಡೆಯಬೇಡಿರೆಂದು ಗೈಡ್ ಮೊದಲೇ ತಾಕೀತು ಮಾಡಿದ್ದ. ಅಂಚಿನಲ್ಲಿ ಮಂಜುಗಡ್ಡೆ ಎಲ್ಲಿ ತೆಳುವಾಗಿದೆಯೆಂದು ಕಣ್ಣಿಗೆ ಕಾಣುವುದಿಲ್ಲ.

ಆ ರಾತ್ರಿ ಸೊಸೆಯ ಪುಟ್ಟ ಥರ್ಮಾಮೀಟರು ಟೆಂಟಿನ ಹೊರಗೆ ಶೂನ್ಯಕ್ಕಿಂತ ಎಂಟು ಡಿಗ್ರಿ ಕೆಳಗೆ ತೋರಿಸುತ್ತಿತ್ತು. ನೀರಿನ ಬಾಟಲಿಗಳನ್ನು ತಲೆಕೆಳಗಾಗಿ ಇಟ್ಟೆವು, ಏಕೆಂದರೆ ಮಂಜುಗಡ್ಡೆ ಮೇಲಿನಿಂದ ಕಟ್ಟುತ್ತದೆ. ಬೆಳಗ್ಗೆ ಎತ್ತಿ ನೆಟ್ಟಗೆ ಮಾಡಿದರೆ ಬಾಯಿಯ ಬಳಿ ನೀರೇ ಇರುತ್ತದೆ. ಫೋನು, ಪವರ್ ಬ್ಯಾಂಕು, ನಾಳೆಯ ಕಾಲುಚೀಲ, ಎಲ್ಲವನ್ನೂ ಸ್ಲೀಪಿಂಗ್ ಬ್ಯಾಗಿನೊಳಗೆ ಮೈಗೆ ತಾಗುವಂತೆ ಇಟ್ಟುಕೊಂಡು ಮಲಗಬೇಕು. ಜಡಿಮಳೆಯ ಸದ್ದಿಗೆ ನಿದ್ದೆ ಬರುವ ಅಭ್ಯಾಸವಿರುವ ನನಗೆ ಆ ಮೌನ ನಿದ್ದೆಗೆಡಿಸಿತು. ನಡುರಾತ್ರಿ ಎಲ್ಲೋ "ಧೊಪ್" ಎಂದಿತು. ಭಾವ ನಿದ್ದೆಗಣ್ಣಿನಲ್ಲಿಯೇ, "ತೆಂಗಿನಕಾಯಿ ಬಿತ್ತು, ಬೆಳಗ್ಗೆ ಹೆಕ್ಕಿದರಾಯಿತು" ಎಂದು ಮಗ್ಗುಲಾದರು. ಕೊಂಬೆಯೊಂದು ತನ್ನ ಮೇಲಿನ ಹಿಮವನ್ನು ಕೆಡವಿತ್ತು.

ಮೂರನೆಯ ದಿನ: ಬೇಸ್ ಕ್ಯಾಂಪ್

ಮೂರು ಗಂಟೆಯ ನಡಿಗೆಯಷ್ಟೇ. ಮಧ್ಯಾಹ್ನಕ್ಕೆ ಸುಮಾರು 11,250 ಅಡಿಯ ಬೇಸ್ ಕ್ಯಾಂಪಿನಲ್ಲಿದ್ದೆವು. ಬೆರಳಿಗೆ ಸಿಕ್ಕಿಸುವ ಯಂತ್ರದಲ್ಲಿ ನನ್ನ ರಕ್ತದ ಆಮ್ಲಜನಕ 86, ಭಾವನದು 89. ಅವರು ಅದನ್ನು ಪರೀಕ್ಷೆಯ ಅಂಕಗಳಂತೆ ಸಂಭ್ರಮಿಸಿದರು. ತಲೆನೋವು, ವಾಂತಿ ಇದ್ದರೆ ಮುಚ್ಚಿಡದೆ ಹೇಳಿ, ಮಾತ್ರೆಗಿಂತ ಕೆಳಗಿಳಿಯುವುದೇ ನಿಜವಾದ ಮದ್ದು ಎಂದ ಗೈಡ್. ಚಳಿಯಲ್ಲಿ ಬಾಯಾರಿಕೆಯೇ ಆಗದಿದ್ದರೂ ದಿನಕ್ಕೆ ಮೂರು ಲೀಟರ್ ಕುಡಿಯಲೇಬೇಕೆಂದು ಅವನು ಹಟ ಹಿಡಿದದ್ದರಿಂದ, ಅಕ್ಕ ಕಟ್ಟಿಕೊಟ್ಟಿದ್ದ ಕೊತ್ತಂಬರಿ, ಜೀರಿಗೆಯ ಕಷಾಯದ ಪುಡಿಗೆ ಬೇಡಿಕೆ ಬಂತು. ಅಡುಗೆಯವರೂ ಒಂದೊಂದು ಲೋಟ ಕುಡಿದು ಪೊಟ್ಟಣದ ಅರ್ಧವನ್ನು ಕೇಳಿ ಇಟ್ಟುಕೊಂಡರು.

ಭಾವ ಉಡುಪಿಯಿಂದ ಹೊತ್ತು ತಂದಿದ್ದ ಕಾಲು ಕಿಲೋ ಕುಚ್ಚಲಕ್ಕಿಯ ಕಥೆಯೂ ಅಲ್ಲಿಯೇ ಮುಗಿಯಿತು. ಆ ಎತ್ತರದಲ್ಲಿ ನೀರು ಕುದಿಯುವುದು ತೊಂಬತ್ತು ಡಿಗ್ರಿಗಿಂತ ಕೆಳಗೆ, ಆದ್ದರಿಂದ ತೆರೆದ ಪಾತ್ರೆಯಲ್ಲಿ ಅಕ್ಕಿ ಬೇಗ ಬೇಯುವುದಿಲ್ಲ. ಕುಕ್ಕರಿನಲ್ಲಿ ಹದಿನಾಲ್ಕು ಸೀಟಿ ಹಾಕಿಸಿದ ಅಡುಗೆಯಾತ, ಗ್ಯಾಸನ್ನೆಲ್ಲ ಒಂದು ಗಂಜಿಗೆ ಮುಗಿಸಲಾರೆ ಎಂದು ಕೈಮುಗಿದ. ಒಳಗೆ ಗಟ್ಟಿ ಉಳಿದ ಆ ಗಂಜಿಯನ್ನು ಮಿಡಿ ಉಪ್ಪಿನಕಾಯಿಯೊಂದಿಗೆ ನಾವು ಮೂವರೂ ಒಂದಗುಳು ಬಿಡದೆ ಉಂಡೆವು.

ನಾಲ್ಕನೆಯ ದಿನ: ಶಿಖರ

ಎರಡು ಗಂಟೆಗೆ ಎಬ್ಬಿಸಿದರು, ಮೂರಕ್ಕೆ ಹೊರಟೆವು. ಅಷ್ಟು ಬೇಗ ಏಕೆಂದರೆ ಬಿಸಿಲೇರಿ ಹಿಮ ಮೆತ್ತಗಾಗುವ ಮೊದಲು ಹತ್ತಿ ಇಳಿಯಲು ತೊಡಗಬೇಕು. ಹಣೆಯ ದೀಪದ ಬೆಳಕಿನಲ್ಲಿ ಕಾಣುತ್ತಿದ್ದುದು ಮುಂದಿನವರ ಬೂಟು ಮತ್ತು ಅದು ಬಿಟ್ಟ ಗುಂಡಿ. ಆ ಗುಂಡಿಯಲ್ಲಿಯೇ ನಮ್ಮ ಕಾಲು, ನಮ್ಮ ಗುಂಡಿಯಲ್ಲಿ ಹಿಂದಿನವರ ಕಾಲು. ಬಾಯಿಗೆ ಸುತ್ತಿದ ಮಫ್ಲರ್ ಉಸಿರಿನ ತೇವಕ್ಕೆ ಗಟ್ಟಿಯಾಗಿ, ಒಣಗಿದ ಅಡಿಕೆ ಹಾಳೆಯಂತೆ ಕೆನ್ನೆಗೆ ಕೊರೆಯುತ್ತಿತ್ತು. ಐವತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದವರು ಮೂವತ್ತಕ್ಕೆ, ಆಮೇಲೆ ಹದಿನೈದಕ್ಕೆ ಇಳಿದೆವು. ನಿಂತಲ್ಲಿ ಒಂದು ನಿಮಿಷಕ್ಕಿಂತ ಹೆಚ್ಚು ನಿಲ್ಲಲು ಗೈಡ್ ಬಿಡುತ್ತಿರಲಿಲ್ಲ. ಕೊನೆಯ ಏರು ಎಷ್ಟು ಕಡಿದಾಗಿತ್ತೆಂದರೆ ಎದುರಿನ ಹಿಮಕ್ಕೆ ಕೈ ಚಾಚಿದರೆ ತಾಗುತ್ತಿತ್ತು. ಅಲ್ಲಿ ಬೂಟಿನ ತುದಿಯಿಂದ ಎರಡು ಸಲ ಒದ್ದು ಮೆಟ್ಟಿಲು ಮಾಡಿಕೊಂಡು ಕಾಲಿಡಬೇಕು. ಇಷ್ಟರ ಮಟ್ಟಿಗೆ ನಮ್ಮೂರಿನ ಕಾಲ್ಬೆರಳಿನ ವಿದ್ಯೆ ಉಪಯೋಗಕ್ಕೆ ಬಂತು.

ಆರೂಮುಕ್ಕಾಲಿಗೆ ಮೇಲಿದ್ದೆವು. ಎತ್ತರ 12,500 ಅಡಿ. ಕಲ್ಲು ಜೋಡಿಸಿದ ಚಿಕ್ಕ ಶಿವಸ್ಥಾನ, ಹಿಮದಲ್ಲಿ ಅರ್ಧ ಹೂತ ತ್ರಿಶೂಲ. ಶಿವ ಇಲ್ಲಿ ತಪಸ್ಸಿಗೆ ಕೂತಿದ್ದಾಗ ಹಸುವಿನ ಕೊರಳಗಂಟೆಯ ಸದ್ದಿಗೆ ಏಕಾಗ್ರತೆ ಕೆಟ್ಟು ಕೇದಾರನಾಥಕ್ಕೆ ಹೋದನೆಂದು ಗೈಡ್ ಹೇಳಿದ. ಆ ಗಾಳಿಯಲ್ಲಿ ಕೂತಿದ್ದವನಿಗೆ ಗಂಟೆ ಒಂದು ನೆಪವಾಗಿರಬೇಕು ಎಂದು ನನಗನ್ನಿಸಿತು. ಸೂರ್ಯ ಹುಟ್ಟುವ ಮೊದಲೇ ಸ್ವರ್ಗಾರೋಹಿಣಿಯ ತುದಿ ಕೆಂಪಾಯಿತು, ಬಳಿಕ 6,387 ಮೀಟರಿನ ಕಾಲಾನಾಗ್, ಆಮೇಲೆ ಬಂದರ್‌ಪೂಂಛ್. ಪಾಂಡವರು ಸ್ವರ್ಗಕ್ಕೆ ನಡೆದ ದಾರಿಯೆನ್ನುವ ಬೆಟ್ಟ ಒಂದು ಕಡೆ. ಕೆಳಗಿನ ಕಣಿವೆಯಲ್ಲಿ ದುರ್ಯೋಧನನನ್ನು ಪೂಜಿಸುತ್ತಿದ್ದರೆನ್ನುವ ಹಳ್ಳಿಗಳು ಇನ್ನೊಂದು ಕಡೆ. ಈಗ ಅಲ್ಲಿನ ದೇವರನ್ನು ಸೋಮೇಶ್ವರ ಎನ್ನುತ್ತಾರೆ, ಅವನ ಪಲ್ಲಕ್ಕಿ ಊರೂರಿಗೆ ಹೋಗುತ್ತದೆ. ಉಳ್ಳಾಲದಲ್ಲಿಯೂ ನಮಗೊಬ್ಬ ಸೋಮೇಶ್ವರನಿದ್ದಾನೆ, ಸಮುದ್ರದ ದಡದಲ್ಲಿಯೇ ಎಂದಾಗ ಗೈಡ್ ಖುಷಿಯಿಂದ ತಲೆಯಾಡಿಸಿದ. ಯಕ್ಷಗಾನದ ಆಟದಲ್ಲಿ ಕೌರವನ ವೇಷವನ್ನು ಕಂಡರೆ ಎದ್ದು ಕೂರುವ ಭಾವ, ಕಣಿವೆಯ ಕಡೆ ಕೈತೋರಿಸಿ, "ಕೌರವನಿಗೆ ನ್ಯಾಯ ಸಿಕ್ಕಿದ ಜಾಗ ಒಂದಾದರೂ ಉಂಟಲ್ಲ" ಎಂದರು. ಚಿತ್ರ ತೆಗೆಯಲು ಹೊರಗೆ ತೆಗೆದ ನನ್ನ ಫೋನು ಅರವತ್ತು ಶೇಕಡಾ ತೋರಿಸುತ್ತಿದ್ದಂತೆಯೇ ಚಳಿಗೆ ಆರಿಹೋಯಿತು.

ಪಾಠ ಆದದ್ದು ಇಳಿಯುವಾಗ. "ಬಾವಾಜೀ, ಹಿಮ್ಮಡಿ! ಮೊದಲು ಹಿಮ್ಮಡಿ!" ಎಂದು ಗೈಡ್ ಕೂಗುತ್ತಲೇ ಇದ್ದ. ಹಿಮದ ಇಳಿಜಾರಿನಲ್ಲಿ ಹಿಮ್ಮಡಿಯನ್ನು ಕುಟ್ಟಿ ಊರಿ, ಮಂಡಿ ಸಡಿಲ ಬಿಟ್ಟು, ಮೈಭಾರವನ್ನು ಧೈರ್ಯವಾಗಿ ಆ ಹಿಮ್ಮಡಿಯ ಮೇಲೆ ಹೇರಬೇಕು. ಹೆದರಿ ಹಿಂದಕ್ಕೆ ವಾಲಿದರೆ ಕಾಲು ಮುಂದಕ್ಕೆ ಹಾರುತ್ತದೆ. ಇದನ್ನು ತಲೆ ಒಪ್ಪಿದರೂ ಕಾಲು ಒಪ್ಪುವುದಿಲ್ಲ. ನಲವತ್ತು ಮಳೆಗಾಲ ಪಾಚಿಯಂಗಳದಲ್ಲಿ ನಡೆದ ಕಾಲು, ನೆಲ ಜಾರುತ್ತದೆಂದು ಗೊತ್ತಾದ ತಕ್ಷಣ ಬೆರಳುಗಳನ್ನು ಮಡಚಿ ಹಿಡಿಯುತ್ತದೆ. ಬರಿಗಾಲಿನಲ್ಲಿ ಆ ಹಿಡಿತಕ್ಕೆ ನೆಲ ಸಿಗುತ್ತದೆ. ಬೂಟಿನೊಳಗೆ ಸಿಗುವುದು ಬೂಟಿನ ಮೂತಿ ಮಾತ್ರ. ಪ್ರತಿ ಹೆಜ್ಜೆಗೂ ನನ್ನ ಹೆಬ್ಬೆರಳು ಅದಕ್ಕೆ ಗುದ್ದುತ್ತಿತ್ತು.

ಭಾವ ನನಗಿಂತ ಮುಂದಿದ್ದರು. ಗಟ್ಟಿ ಹಿಮದ ಒಂದು ತಿರುವಿನಲ್ಲಿ ಅವರು ಅಂಗಳದ ಹೆಜ್ಜೆಯನ್ನೇ ಹಾಕಿದರು. ಒಂದು ಕ್ಷಣ ಟ್ರೆಕ್ಕಿಂಗ್ ಕೋಲು ಆಕಾಶಕ್ಕೆ ಹೋದದ್ದು ಕಂಡಿತು, ಮರುಕ್ಷಣ ಅವರು ಕೂತ ಭಂಗಿಯಲ್ಲಿಯೇ ಕೆಳಗೆ ಹೋಗುತ್ತಿದ್ದರು. ಇಪ್ಪತ್ತು ಇಪ್ಪತ್ತೈದು ಅಡಿ ಜಾರಿ, ಮೆತ್ತನೆಯ ಹಿಮದ ದಿಬ್ಬಕ್ಕೆ ಸೊಂಟದವರೆಗೆ ಹೂತು ನಿಂತರು. ಬ್ಯಾಗಿನ ಬದಿಯಲ್ಲಿದ್ದ ಫ್ಲಾಸ್ಕು ಮಾತ್ರ ನಿಲ್ಲದೆ, ಠಣ್ ಠಣ್ ಎನ್ನುತ್ತಾ, ಕಣ್ಣಿಗೆ ಕಾಣದಷ್ಟು ಕೆಳಗೆ ಹೋಯಿತು. ಸೊಸೆಯ ಮುಖ ಬಿಳಿಚಿಕೊಂಡಿತ್ತು. ಗೈಡ್ ಎರಡೇ ನೆಗೆತದಲ್ಲಿ ಅವರ ಬಳಿಗೆ ತಲಪಿ ಕೈಕಾಲು ಮುಟ್ಟಿ ನೋಡಿದ, ಏನೂ ಆಗಿರಲಿಲ್ಲ. ಭಾವ ಮೀಸೆಯ ಹಿಮ ಒರೆಸಿಕೊಂಡು, "ಅಕ್ಕನಿಗೆ ಫ್ಲಾಸ್ಕಿನ ವಿಷಯ ನೀವೇ ಹೇಳಬೇಕು ಭಾವ" ಎಂದರು. ಅದು ಅವರ ಮದುವೆಯಲ್ಲಿ ಬಂದ ಫ್ಲಾಸ್ಕು. ಆಮೇಲೆ ಅವರು ಇಳಿದದ್ದು ಹಿಮ್ಮಡಿ ಊರಿಯೇ, ಒಂದೊಂದು ಹೆಜ್ಜೆಗೂ "ಹಿಮ್ಮಡಿ, ಹಿಮ್ಮಡಿ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾ.

ಬೇಸ್ ಕ್ಯಾಂಪಿನಲ್ಲಿ ತಿಂಡಿ ತಿಂದು, ಓಕ್ ಮತ್ತು ಪೈನ್ ಕಾಡಿನ ನಡುವೆ ಹರ್‌ಗಾಂವಿನ ಬಯಲಿಗೆ ಇಳಿದೆವು. ಕಪ್ಪು ಕನ್ನಡಕ ಇಡೀ ದಿನ ಕಣ್ಣಿನ ಮೇಲಿದ್ದರೂ ಕೆಳಗಿನಿಂದ ಪ್ರತಿಫಲಿಸಿದ ಬಿಸಿಲಿಗೆ ಮೂಗಿನ ಹೊಳ್ಳೆಯ ಅಡಿ ಮತ್ತು ಗದ್ದದ ಕೆಳಗೆ ಸುಟ್ಟಿತ್ತು. ಕ್ರೀಮು ಹಚ್ಚುವಾಗ ಅಲ್ಲಿಗೂ ಹಚ್ಚಬೇಕೆಂದು ಯಾರಿಗೆ ಹೊಳೆಯುತ್ತದೆ?

ಐದನೆಯ ದಿನ: ಮರಳಿ ಸಾಂಕ್ರಿಗೆ

ಕೆಳಗಿನ ಕಾಡಿನಲ್ಲಿ ಹಿಮ ಕರಗಿ ಕೆಸರಾಗಿತ್ತು. ಕೆಸರೆಂದರೆ ನಮ್ಮದೇ ಸಾಮ್ರಾಜ್ಯ. ಪುಣೆಯಿಂದ ಬಂದಿದ್ದ ಹುಡುಗರ ತಂಡ ಒಬ್ಬರ ಮೇಲೊಬ್ಬರು ಬೀಳುತ್ತಿದ್ದಾಗ ಭಾವ ಕೈ ಹಿಂದೆ ಕಟ್ಟಿಕೊಂಡು ಅವರ ನಡುವೆ ಇಳಿದುಹೋದರು. ಮನೆಯೊಡತಿ ಬಿಸಿನೀರು ಕಾಯಿಸಿಟ್ಟಿದ್ದರು. ಕಾಲುಚೀಲ ಬಿಚ್ಚಿ ನೋಡಿದರೆ ನನ್ನ ಎಡಗಾಲಿನ ಹೆಬ್ಬೆರಳಿನ ಉಗುರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಇಳಿಯುವ ಮೊದಲು ಉಗುರನ್ನು ಒಟ್ಟ ಕತ್ತರಿಸಿ, ಬೂಟಿನ ಲಾಡಿಯನ್ನು ಕಣಕಾಲಿನ ಬಳಿ ಬಿಗಿದು ಕಟ್ಟಿದ್ದರೆ ಪಾದ ಮುಂದಕ್ಕೆ ಸರಿಯುತ್ತಿರಲಿಲ್ಲವಂತೆ. ಗೈಡ್ ಇದನ್ನು ಆಗ ಹೇಳಿದ.

ತೆಂಗಿನೆಣ್ಣೆ ಕರಗಿದ್ದು ಮಂಗಳೂರಿನ ವಿಮಾನ ನಿಲ್ದಾಣದಿಂದ ಮನೆಗೆ ಬರುವ ಕಾರಿನಲ್ಲಿ. ಉಗುರು ಬಿದ್ದದ್ದು ಏಪ್ರಿಲಿನಲ್ಲಿ. ಅದರಡಿ ಹೊಸದು ಬರುತ್ತಿದೆ. ಈ ಮಳೆಗಾಲಕ್ಕೆ ಪೂರ್ತಿ ಬೆಳೆಯಲಾರದೆಂದು ವೈದ್ಯರು ಹೇಳಿರುವುದರಿಂದ, ಜೂನಿನಲ್ಲಿ ಅಂಗಳಕ್ಕೆ ದಬ್ಬೆ ಹಾಸುವ ಕೆಲಸವನ್ನು ಭಾವ ಈ ಸಲ ತಾವೇ ವಹಿಸಿಕೊಂಡಿದ್ದಾರೆ.